ಅಂಬಿಗನ ಪುಸ್ತಕದಲ್ಲಿ ಆಕಳು

ಕಳೆದ ತಿಂಗಳು ನಿಲಂಗಾಕ್ಕೆ ಹೊರಟಾಗ ಉದಗೀರದ ಅಂಗಡಿಯಲ್ಲಿ ಒಂದು ಮರಾಠಿ ಕಥೆಪುಸ್ತಕ ಕೊಂಡೆ. ಗೆಳೆಯ ಗುರುಪಾದಪ್ಪನ ಮಗಳು ಕಾಶಿಗೆಂದು. ಒಬ್ಬ ಅಂಬಿಗ, ಅವನ ದೋಣಿ, ಒಂದು ಹೊಳೆ. ಚಿತ್ರಗಳಿಲ್ಲ. ಇಡೀ ಪುಸ್ತಕದಲ್ಲಿ ಎಲ್ಲಿಯೂ ಆಕಳಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕಾಶಿ ಅದನ್ನು ಓದತೊಡಗಿದಾಗ ಆಕಳು ಬಂತು.

ಮೊದಲಿನಿಂದ ಹೇಳುತ್ತೇನೆ.

ಗುರುಪಾದಪ್ಪ ಗುಂಜೋಟಿಯ ಒಕ್ಕಲು ಮನೆತನದವನು, ನಿಲಂಗಾದ ಕೋರ್ಟಿನಲ್ಲಿ ಗುಮಾಸ್ತ. ನಿಜಾಮನ ಕಾಲದಲ್ಲಿ ಒಂದೇ ಶಾಲೆಯಲ್ಲಿ ಉರ್ದು ಓದಿದವರು ನಾವು. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ (ನನ್ನದು ಕೋಳಿ ಕೆದರಿದ ಹಾಗೆ). ಪೊಲೀಸ್ ಆ್ಯಕ್ಷನ್ ಆಯಿತು. ಕಚೇರಿಯಿಂದ ಉರ್ದು ಹೋಗಿ ಮರಾಠಿ ಬಂತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ನಮ್ಮ ಕಡೆ ಮಾತಿಗೇನು ಬರ? ನಾನು ಮರಾಠಿ ಓದುವುದನ್ನೂ ಹೇಗೋ ಕಲಿತೆ. ಅವನೂ ಕಲಿತಿರಬೇಕು ಎಂದುಕೊಂಡಿದ್ದೆ.

ನಾನು ಹೋದದ್ದು ದೀಪ ಹಚ್ಚುವ ಹೊತ್ತಿಗೆ. ಜಮಖಾನೆಯ ಮೇಲೆ ಅಪ್ಪ, ಎದುರಿಗೆ ಮಗಳು, ಅಪ್ಪನ ಮೊಣಕಾಲ ಪಕ್ಕದಲ್ಲಿ ಒಂದು ಛಡಿ. ಪುಸ್ತಕ ಕೊಟ್ಟೆ. ಗುರುಪಾದಪ್ಪ ಅದನ್ನು ಹಿಂದಿನ ಪುಟದಿಂದ ತೆರೆದ. ಬಲದಿಂದ ಎಡಕ್ಕೆ ಉರ್ದು ಓದಿದ ಕೈ ಎಂದು ನಕ್ಕೆ. ಕಾಶಿ ಅದನ್ನು ಮುಂಬದಿಗೆ ತಿರುಗಿಸಿಕೊಂಡಳು.

"ದಿನಾ ಸಂಜೀಕ ಓದಸ್ತೀನಿ. ಒಂದ್ ದಿನಾನೂ ತಪ್ಪಿಸಿಲ್ಲ. ಈಕಿ ಓದಿದ್ರ ನೀರ ಹರಿದಂಗ, ನೋಡು," ಎಂದ.

ಇಂಥ ಅಪ್ಪಂದಿರು ನಮ್ಮಲ್ಲಿ ಎಷ್ಟು ಜನ? ಅದೂ ಹೆಣ್ಣುಮಗಳಿಗೆ? ಈ ವಾರದ ಅಂಕಣ ಸಿಕ್ಕಿತು ಎಂದು ಖುಷಿಯಾಯಿತು.

ಕಾಶಿ ಒಮ್ಮೆ ಛಡಿ ನೋಡಿದಳು. ಸಾಲಿನ ಮೇಲೆ ಬೆರಳಿಟ್ಟಳು. "ಗಾಯ್ ಗವತ್ ಖಾತೇ. ಗಾಯ್ ದೂಧ್ ದೇತೇ." ಆಕಳು ಹುಲ್ಲು ತಿನ್ನುತ್ತದೆ, ಆಕಳು ಹಾಲು ಕೊಡುತ್ತದೆ. ಬೆರಳು ಅಂಬಿಗನ ಮೇಲೆ ಹಾದುಹೋಗುತ್ತಿತ್ತು, ಬಾಯಿ ಶಾಲೆಯ ಪಾಠ ಒಪ್ಪಿಸುತ್ತಿತ್ತು. ಎಲ್ಲಿಯೂ ತಡವರಿಸಲಿಲ್ಲ.

"ಶಾಬಾಸ್," ಎಂದ ಅಪ್ಪ. ನಾನೂ ಹೊಗಳಲಿ ಎಂದು ನನ್ನ ಮುಖ ನೋಡಿದ.

ನಾನು ಹತ್ತಿರ ಸರಿದೆ. 'ಹೋಡೀ', ಅಂದರೆ ದೋಣಿ, ಎಂಬ ಶಬ್ದದ ಮೇಲೆ ಬೆರಳಿಟ್ಟು, "ಇದೇನವಾ ಕಾಶಿ?" ಎಂದೆ.

"ಗಾಯ್," ಎಂದಳು. ಬೆರಳು ಹಿಂದೆಗೆದುಕೊಂಡಳು.

ಚಹಾ ಕುಡಿದು ಸುಮ್ಮನೆ ಎದ್ದು ಬರಬೇಕಿತ್ತೇ? ಆಗಲಿಲ್ಲ. "ಗುರು, ಈ ಪುಸ್ತಕದಾಗ ಆಕಳಾನೇ ಇಲ್ಲೋ. ಇದು ದೋಣಿ ಕತಿ," ಎಂದೆ.

ಅವನ ಕೈ ಛಡಿಯ ಮೇಲೆ ಹೋಯಿತು. ಆದರೆ ಎತ್ತಲಿಲ್ಲ. ನೆಲ ನೋಡುತ್ತಾ ಹೇಳಿದ:

"ನಂಗೂ ಮರಾಠಿ ಓದಾಕ ಬರಲ್ಲೋ. ಕಚೇರಿ ಪರೀಕ್ಷಾ ಪಾಸಾಗ್ಲಿಲ್ಲಂದ್ರ ನೌಕರಿ ಹೋಗ್ತದ. ಒಂದ್ ಸಲ ಫೇಲ್ ಆಗೀನಿ. ಈ ವಯಸ್ನಾಗ ಯಾರ ಮುಂದ ಕುಂತು ಅಕ್ಷರಾ ಕಲೀಲಿ? ಈಕಿ ಬೆರಳ ನೋಡಿ, ಬಾಯಿ ಕೇಳಿ ಕಲಿಲಾಕ ಹತ್ತಿದ್ದೆ. ಒಂದ್ ಅಕ್ಷರಾ ನಿನ್ನಿ ಒಂದ್ ಹೇಳ್ತಿತ್ತು, ಇವತ್ತ ಇನ್ನೊಂದ್ ಹೇಳ್ತಿತ್ತು. ನನ್ನ ದಿಮಾಗೇ ಖರಾಬ್ ಆಗ್ಯಾದ ಅಂತ ತಿಳಕೊಂಡಿದ್ದೆ."

ಅವನ ಹೆಂಡತಿ ನೀಲಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ಮೊದಲ ಈಕಿ ಅಕ್ಷರಾ ಕೂಡಿಸಿ ಕೂಡಿಸಿ ಓದ್ತಿದ್ಳು ಅಣ್ಣಾರ. ತಡವರಿಸಿದ್ರ ಇವರು ಬಡೀತಿದ್ರು. ಸಾಲ್ಯಾಗ ಹುಡುಗುರು ಒದರೂದು ಕೇಳಿ ಬಾಯಿಪಾಠ ಮಾಡ್ಕೊಂಡ್ಳು. ಆಮ್ಯಾಲ ಏಟ ಬಿದ್ದಿಲ್ಲ."

"ನಿಮಗ ಗೊತ್ತಿತ್ತೇನು?"

"ಗೊತ್ತಿತ್ರಿ. ಹೇಳಿದ್ರ ಮತ್ತ ಬಡೀತಿದ್ರಲ್ಲ?"

ಓದುಗರೇ, ನಿಮ್ಮ ಮನೆಯ ಮಗುವೂ ನೀರು ಹರಿದ ಹಾಗೆ ಓದುತ್ತದೆಯೇ? ನಡುವೆ ಒಂದು ಶಬ್ದದ ಮೇಲೆ ಬೆರಳಿಟ್ಟು ಕೇಳಿ ನೋಡಿ. (ಅದಕ್ಕೆ ಮೊದಲು ಛಡಿಯನ್ನು ಒಲೆಗೆ ಹಾಕಿ ಬನ್ನಿ.) ತಡವರಿಸುವ ಮಗು ಓದುತ್ತಿದೆ, ಸ್ವಾಮಿ. ಕಾಶಿ ಓದುತ್ತಿದ್ದ ದಿನಗಳಲ್ಲಿ ಏಟು ತಿಂದಳು, ಓದು ಬಿಟ್ಟ ಮೇಲೆ ಶಾಬಾಸ್ ಪಡೆದಳು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗೆಳೆಯನ ಮೇಲೆ ಮರುಕವೂ ಬರುತ್ತದೆ, ಆದರೆ ಸಿಟ್ಟೇ ಹೆಚ್ಚು.

"ಅಪ್ಪ ಮಗಳು ಕೂಡಿ ಕಲೀರಿ. ಇಬ್ರೂ ತಡವರಸ್ರಿ, ಏನಾಗ್ತದ?" ಎಂದು ಹೇಳಿ ಬಂದೆ. ಗುರುಪಾದಪ್ಪ ತಲೆಯಾಡಿಸಿದ್ದ. ನಾನು ನಂಬಿದೆ.

ಮೊನ್ನೆ ಮತ್ತೆ ಹೋಗಿದ್ದೆ. ಶಾಲೆಯ ಹೊತ್ತು. ಕಾಶಿ ಒಳಗೆ ಮೊರ ಹಿಡಿದು ಜೋಳದ ಹರಳು ಆರಿಸುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಸಾಲಿ ಬಿಡಿಸ್ದೆ," ಎಂದ ಗೆಳೆಯ. "ಆಕಿ ತಲಿಗ ಓದು ಹತ್ತಲಿಲ್ಲ. ಬರೇ ಸುಳ್ಳ ಕಲಿತಾಳ."

ನಾನು ಜಗಳವಾಡಿದೆ. ನೀಲಮ್ಮ ಅತ್ತರು. ಅವನು ಜಗ್ಗಲಿಲ್ಲ. ಬದಲಿಗೆ ಜಮಖಾನೆಯ ಮೇಲಿದ್ದ ಅಂಬಿಗನ ಪುಸ್ತಕ ತೆಗೆದ. ಈ ಸಲ ಮುಂಬದಿಯಿಂದಲೇ ತೆರೆದ. ಪಕ್ಕದ ಓಣಿಯ ಮಾಸ್ತರೊಬ್ಬರು ಈಗ ದಿನಾ ಸಂಜೆ ಅವನಿಗೆ ಪಾಠ ಹೇಳಲು ಬರುತ್ತಾರಂತೆ. ಬೆರಳಿಟ್ಟು ಓದಿ ತೋರಿಸಿದ. "ಹೋ... ಡೀ... ಹೋಡೀ." ಹಣೆಯಲ್ಲಿ ಬೆವರು. ಎರಡನೆಯ ಸಾಲಿನಲ್ಲಿ ತಪ್ಪಿದ, ಮತ್ತೆ ಮೊದಲಿನಿಂದ ಹಿಡಿದ. ಸರಿಯಾಗಿಯೇ ಓದಿದ.

"ಮಾಸ್ತರ ಭಾಳ ಛಲೋ ಮನಷಾ," ಎಂದ, ತೃಪ್ತಿಯಿಂದ. "ಎಷ್ಟ ತಪ್ಪಿದ್ರೂ ಸಿಟ್ಟಿಗೇಳಲ್ಲ."

ಒಳಗೆ ಮೊರದ ಸಪ್ಪಳ ನಿಂತಿತು.

ಅಂಥ ಮಾಸ್ತರು ಸಿಕ್ಕರೆ ಯಾರ ತಲೆಗೆ ತಾನೇ ಓದು ಹತ್ತುವುದಿಲ್ಲ?