ಮೈದಾನಕ್ಕೆ ಇಳಿಯುವಾಗ ಲೆಸ್ಲಿ ಊದಿದ್ದು

ಹನ್ನೊಂದು ಜನ ಸೇರಿ ಒಂದು ಚೆಂಡನ್ನು ಒದೆಯಬಹುದು, ಆದರೆ ಒಂದು ಹಾಡನ್ನು ಒಪ್ಪುವುದು ಅವರ ಕೈಲಾಗದ ಕೆಲಸ. ನಮ್ಮ ಕಡಲಕರೆ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯಾಗಿ ನಾನು ಕಲಿತದ್ದು ಇಷ್ಟೇ. ಗಲ್ಫಿನ ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲಿ, ವರ್ಕ್‌ಶಾಪುಗಳ ಸಾಲಿನ ಹಿಂದೆ ವಾರಕ್ಕೊಮ್ಮೆ ಬಾಡಿಗೆಗೆ ಸಿಗುವ ಮೈದಾನವೇ ನಮ್ಮ ತವರು ನೆಲ. ತವರಿನ ತಂಡ ಮೈದಾನಕ್ಕೆ ಇಳಿಯುವಾಗ ಅದರದ್ದೇ ಒಂದು ಹಾಡು ಇರಬೇಕೆಂದು ಈ ವರ್ಷ ಲೀಗ್ ನಡೆಸುವವರು ಹೇಳಿ ಕಳಿಸಿದರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಕ್ಯಾಪ್ಟನ್ ಶಹೀರ್ ಉಳ್ಳಾಲದ ಬ್ಯಾರಿ ಹುಡುಗ, ಅವನಿಗೆ ದಫ್ ಬಡಿಯುವ ಮದುವೆ ಹಾಡು ಬೇಕು. ದುಬೈನ ಐಟಿ ಕಂಪನಿಯಿಂದ ಆಡಲು ಬರುವ ಬೆಂಗಳೂರಿನ ಅಮೋಘನಿಗೆ ಕನ್ನಡವೇ ಆಗಬೇಕು. ತುಳುವಿನವರು ತುಳು ಎಂದರು, ಉಳಿದವರು ಹಿಂದಿ ಎಂದರು. ವಾಟ್ಸಾಪ್ ಗುಂಪಿನಲ್ಲಿ ಜಗಳ ಎಷ್ಟು ಏರಿತೆಂದರೆ, ದುಬೈನ ಅಲ್ ಬರ್ಷಾದಲ್ಲಿರುವ ನನ್ನ ಆಫೀಸಿನಲ್ಲಿ ಫೋನನ್ನು ಬೋರಲು ಹಾಕಿ ಕೂರುತ್ತಿದ್ದೆ. ಕೊನೆಗೆ ಶಹೀರನೇ ಒಂದು ದಾರಿ ತೋರಿಸಿದ. ಯಾವ ಭಾಷೆಯ ಮಾತೂ ಇಲ್ಲದ್ದನ್ನು ಹಾಕುವ, ಆಗ ಯಾರಿಗೂ ಮುನಿಸಿಲ್ಲ ಎಂದ. ಎಲ್ಲರ ಕಣ್ಣೂ ಲೆಸ್ಲಿಯ ಕಡೆ ತಿರುಗಿತು.

ಲೆಸ್ಲಿ ಬಜ್ಪೆ ಕಡೆಯವರು. ಅರವತ್ತಕ್ಕೆ ಹತ್ತಿರ. ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಬಹಳ ವರ್ಷ ನಮ್ಮ ಗೋಲ್‌ಕೀಪರ್ ಆಗಿದ್ದು, ಮೊಣಕಾಲು ಕೈಕೊಟ್ಟ ಮೇಲೆ ಹೊಸ ಕೀಪರುಗಳಿಗೆ ಬೈದು ಬೈದು ಕಲಿಸುವವರಾದರು. ಗಲ್ಫಿಗೆ ಬರುವ ಮೊದಲು ಊರಿನ ಬ್ರಾಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಇಲ್ಲಿಗೆ ಬಂದ ಮೇಲೂ ರಜೆಯಲ್ಲಿ ಹೋದಾಗ ಬ್ಯಾಂಡಿನವರು ಅವರನ್ನು ಬಿಡುತ್ತಿರಲಿಲ್ಲ. ಮದುವೆಗೆ ಅವರೇ, ಸಾವಿಗೂ ಅವರೇ. ಅವರ ಕಡೆ ಯಾರಾದರೂ ತೀರಿಕೊಂಡರೆ ಮನೆಯಿಂದ ಇಗರ್ಜಿಯವರೆಗೆ ಮೆರವಣಿಗೆ. ಎಲ್ಲರಿಗಿಂತ ಮುಂದೆ ಒಬ್ಬ ಶಿಲುಬೆ ಹಿಡಿದು ನಡೆಯುತ್ತಾನೆ, ಅವನ ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಪೆಟ್ಟಿಗೆ ಮತ್ತು ಊರಿನ ಜನ. ಆ ನಿಧಾನದ ರಾಗವನ್ನು ದಾರಿಯಲ್ಲಿ ನಿಲ್ಲಿಸುವಂತಿಲ್ಲ. ದಾರಿ ಉದ್ದವಾದರೆ ಮತ್ತೆ ಮೊದಲಿನಿಂದ ಊದಬೇಕು, ನಿಲ್ಲುವುದು ಇಗರ್ಜಿಯ ಬಾಗಿಲಲ್ಲೇ ಎಂದು ಅವರೇ ನನಗೊಮ್ಮೆ ಹೇಳಿದ್ದರು. ಊರಿಗೆ ಊರೇ ಲೆಸ್ಲಿಯ ಟ್ರಂಪೆಟ್ಟಿನ ಹಿಂದೆ ಸಾಗಿ ಮಣ್ಣು ಸೇರಿತ್ತು.

ಅವರ ಹೆಂಡತಿ ಬ್ರೆಂಡಾ ಮಾತ್ರ ಹಾಗೆ ಹೋಗಲಿಲ್ಲ. ಆಕೆ ತೀರಿಕೊಂಡದ್ದು ಲಾಕ್‌ಡೌನಿನ ದಿನಗಳಲ್ಲಿ. ಊರಿನಲ್ಲಿ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಅವರ ಮನೆ, ದಿನವಿಡೀ ಹೆಂಚಿನ ಮೇಲೆ ವಿಮಾನ ಹಾರುತ್ತಿದ್ದ ಮನೆ. ಆ ತಿಂಗಳು ಒಂದೂ ಹಾರಲಿಲ್ಲ. ಬ್ಯಾಂಡಿಲ್ಲ, ಮೆರವಣಿಗೆಯಿಲ್ಲ. ಮನೆಯ ನಾಲ್ಕು ಮಂದಿ ಆಂಬುಲೆನ್ಸಿನ ಹಿಂದೆ ಹೋಗಿ ಮುಗಿಸಿ ಬಂದರು. ಲೆಸ್ಲಿ ಇಲ್ಲಿ ಕಾರ್ಮಿಕರ ಕ್ಯಾಂಪಿನ ಕೋಣೆಯಲ್ಲಿ ಕೂತು ಅದನ್ನು ಫೋನಿನಲ್ಲಿ ನೋಡಿದರು. ಆಮೇಲೆ ಟ್ರಂಪೆಟ್ ಸ್ಟೀಲಿನ ಕಪಾಟು ಸೇರಿತು.

ನಮ್ಮ ಕಾಟ ತಡೆಯಲಾರದೆ ಅದನ್ನು ಮತ್ತೆ ಹೊರಗೆ ತೆಗೆದರು. ಒಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ, ಸಾಮಾನಿನ ಕೋಣೆಯ ಹಿಂದೆ ಒಬ್ಬರೇ ನಿಂತು ತುಟಿ ಪಳಗಿಸಿಕೊಳ್ಳುತ್ತಿದ್ದರು. ತುಟಿಗೆ ತಾನಾಗಿ ಬಂದದ್ದು ಆ ನಿಧಾನದ ರಾಗವೇ. ಅಮೋಘ ಗೋಡೆಯ ಈಚೆಯಿಂದ ಅದನ್ನು ಫೋನಿಗೆ ಹಿಡಿದು, ಸಿಕ್ಕಿತು ನಮ್ಮ ಹಾಡು ಎಂದು ಗುಂಪಿಗೆ ಹಾಕಿಬಿಟ್ಟ. ಎಂಥ ಗಾಂಭೀರ್ಯ, ಎಂಥ ತೂಕ ಎಂದು ಎಲ್ಲರೂ ಹೊಗಳಿದರು. ತಿಂಗಳಿನಿಂದ ಕಿತ್ತಾಡುತ್ತಿದ್ದ ತಂಡ ಒಂದೇ ಗಳಿಗೆಯಲ್ಲಿ ಒಪ್ಪಿಕೊಂಡಿತು. ನಾನು ಮೈಸೂರಿನವನು, ಆ ರಾಗದ ಸುದ್ದಿ ಕೇಳಿದ್ದೆನೇ ಹೊರತು ರಾಗ ಕೇಳಿದವನಲ್ಲ, ನನಗಾದರೂ ಏನು ಗೊತ್ತು? ಪೀಡೆ ತೊಲಗಿತು ಎಂದು ಹೆಬ್ಬೆಟ್ಟು ಒತ್ತಿದೆ. ಹೀಗೆ ಕಡಲಕರೆ ಕ್ಲಬ್ಬು ಶವಯಾತ್ರೆಯ ರಾಗವನ್ನು ಹೆಚ್ಚುಕಡಿಮೆ ಸರ್ವಾನುಮತದಿಂದ ಆರಿಸಿತು.

ಫ್ಲಾಯ್ಡ್ ಒಬ್ಬನೇ ಒತ್ತಲಿಲ್ಲ. ಅವನು ಲೆಸ್ಲಿಯ ಊರಿನವನು, ಒಂದೇ ಇಗರ್ಜಿಯವನು. ಮೈದಾನದ ಗೆರೆ, ಮೂಲೆಯ ಬಾವುಟ ಎಲ್ಲ ಅವನ ಸುಪರ್ದಿ. ಅವನು ನನಗೆ ಫೋನ್ ಮಾಡಿ ಕೂಗಾಡಿದ. ಅದು ಸತ್ತವರದ್ದು, ಪವಿತ್ರವಾದದ್ದು, ಆಟಕ್ಕೆ ಇಳಿಯುವ ಮಕ್ಕಳನ್ನು ಅದರ ಹಿಂದೆ ನಡೆಸಿದರೆ ದೇವರು ಮೆಚ್ಚುತ್ತಾನೆಯೇ ಎಂದ. ಮರುದಿನವೇ ಎಲ್ಲರನ್ನೂ ಮೈದಾನಕ್ಕೆ ಕರೆದು ವಿಷಯ ಬಿಡಿಸಿ ಹೇಳಿದೆ. ಅಮೋಘ ತಲೆ ತಗ್ಗಿಸಿ ಕ್ಷಮೆ ಕೇಳಿದ. ಬೇರೆ ಹಾಡು ಹುಡುಕುವುದೆಂದು ತೀರ್ಮಾನವಾಗುವುದರಲ್ಲಿತ್ತು.

ಅಷ್ಟರಲ್ಲಿ ಲೆಸ್ಲಿ ಎದ್ದು ನಿಂತರು. ಮಾತಿನಲ್ಲಿ ಅವರು ಜಿಪುಣರು, ಗೋಲ್‌ಕೀಪರುಗಳನ್ನು ಬೈಯುವಾಗ ಬಿಟ್ಟರೆ.

"ಊರಿನವರಿಗೆಲ್ಲ ಊದಿದ್ದೇನೆ. ಅವಳಿಗೆ ಮಾತ್ರ ಊದಲಿಲ್ಲ. ಒಬ್ಬನೇ ಕೋಣೆಯಲ್ಲಿ ಕೂತು ಊದಿದ್ರೆ ಅದು ಊದಿದ ಹಾಗೆ ಆಗುದಿಲ್ಲ, ಹಿಂದೆ ಜನ ನಡೀಬೇಕು. ಒಂದೇ ಒಂದು ಸಲ ನೀವು ನನ್ನ ಹಿಂದೆ ಬರ್ತೀರಾ? ಮತ್ತೆ ನಿಮಗೆ ಮದುವೆಯದ್ದು ಊದ್ತೇನೆ, ಎಷ್ಟು ಮ್ಯಾಚ್ ಬೇಕಾದ್ರೂ."

ಫ್ಲಾಯ್ಡ್ ಎದ್ದು ಹೊರಟೇಹೋದ. ನಾನು ಶಹೀರನ ಮುಖ ನೋಡಿದೆ. ಕ್ಯಾಪ್ಟನ್ ಅವನು, ನಡೆಯಬೇಕಾದವನೂ ಅವನೇ.

"ನಮ್ಮಲ್ಲಿ ಮಯ್ಯತ್ತಿಗೆ ಬ್ಯಾಂಡ್ ಇಲ್ಲ, ಅಂಕಲ್," ಎಂದ ಶಹೀರ್. "ಆದ್ರೆ ಹೆಗಲು ಕೊಡುದು ಉಂಟು. ನಾವು ಬರ್ತೇವೆ."

ಆ ಮ್ಯಾಚನ್ನು ನಾವು ಸೋತೆವು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡಿನ ಮೇಲೆ ಗೂಬೆ ಕೂರಿಸಲು ಯಾರೂ ಹೋಗಲಿಲ್ಲ.

ಇಳಿಹೊತ್ತಿನ ಬಿಸಿಲು. ಆಚೆ ಯಾವುದೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು. ದುಬೈನಿಂದ ಬಂದ ಎದುರಾಳಿ ತಂಡಕ್ಕೂ ರೆಫರಿಗೂ ನಾನು ಮೊದಲೇ ವಿಷಯ ತಿಳಿಸಿದ್ದೆ. ಅವರು ಗೆರೆಯಾಚೆ ಸಾಲಾಗಿ ನಿಂತಿದ್ದರು. ಲೆಸ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಟ್ರಂಪೆಟ್ ಹಿಡಿದು ನಿಂತರು. ಅವರ ಹಿಂದೆ ನಮ್ಮ ಹುಡುಗರು ಇಬ್ಬಿಬ್ಬರಾಗಿ. ಲೆಸ್ಲಿ ಉಸಿರೆಳೆದುಕೊಂಡರು, ಆದರೆ ಊದಲಿಲ್ಲ. ಅವರ ಮುಂದೆ ಖಾಲಿಯಿತ್ತು. ಏನಾಯಿತೆಂದು ನನಗೆ ಅರ್ಥವಾಗುವ ಮೊದಲೇ, ಮೈದಾನದ ಮೂಲೆಯಿಂದ ಫ್ಲಾಯ್ಡ್ ಬರುವುದು ಕಾಣಿಸಿತು. ಮೂಲೆಯ ಬಾವುಟದ ಕೋಲನ್ನು ಕಿತ್ತು, ಎರಡೂ ಕೈಯಲ್ಲಿ ಎದೆಯ ಮುಂದೆ ಶಿಲುಬೆಯ ಹಾಗೆ ನೆಟ್ಟಗೆ ಹಿಡಿದಿದ್ದ. ಯಾರನ್ನೂ ನೋಡದೆ ಬಂದು ಲೆಸ್ಲಿಯ ಮುಂದೆ ನಿಂತು, ಮೈದಾನದ ಕಡೆ ತಿರುಗಿ ನಡೆಯತೊಡಗಿದ. ಆಗ ಲೆಸ್ಲಿ ಊದಿದರು.

ಅಷ್ಟು ನಿಧಾನವಾಗಿ ಫುಟ್‌ಬಾಲಿನವರು ನಡೆದದ್ದನ್ನು ನಾನು ಕಂಡಿಲ್ಲ. ನಡುಗೆರೆ ಬೇಗ ಬಂದುಬಿಟ್ಟಿತು, ರಾಗ ಇನ್ನೂ ಅರ್ಧದಲ್ಲಿತ್ತು. ಶಹೀರ್ ನಿಲ್ಲಲಿಲ್ಲ, ಯಾರೂ ನಿಲ್ಲಲಿಲ್ಲ. ಫ್ಲಾಯ್ಡ್ ಬದಿಯ ಗೆರೆಗೆ ತಿರುಗಿ ಮೈದಾನ ಸುತ್ತತೊಡಗಿದ, ಲೆಸ್ಲಿ ಮತ್ತೆ ಮೊದಲಿನಿಂದ ಊದಿದರು. ಅಮೋಘನ ಕೆನ್ನೆ ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಮುಚ್ಚಿಡುವುದೇನು? ಸಾಲು ನನ್ನೆದುರು ಬಂದಾಗ, ಕಾರ್ಯದರ್ಶಿ ಹೊರಗೇ ಇರಬೇಕೆಂಬುದನ್ನು ಮರೆತು ನಾನೂ ಅದರ ಹಿಂದೆ ಸೇರಿಕೊಂಡೆ. ರೆಫರಿ ಸೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಕಾದರು.

ಸುತ್ತು ಮುಗಿದಾಗ ಫ್ಲಾಯ್ಡ್ ನೇರ ಗೋಲಿನ ಕಡೆ ನಡೆದ. ಲೆಸ್ಲಿ ವರ್ಷಗಟ್ಟಲೆ ಕಾದ ಗೋಲು ಅದು. ಎರಡು ಕಂಬಗಳ ನಡುವೆ ಬಂದು ಅವರು ಕೊನೆಯ ಸ್ವರವನ್ನು ಉಸಿರಿರುವಷ್ಟು ಎಳೆದು, ಟ್ರಂಪೆಟ್ ಕೆಳಗಿಳಿಸಿದರು. ಫ್ಲಾಯ್ಡ್ ಬಾವುಟದ ಕೋಲನ್ನು ತೋಳಿಗೊರಗಿಸಿ ಶಿಲುಬೆಯ ಗುರುತು ಹಾಕಿಕೊಂಡ. ಲೆಸ್ಲಿ ಅವನ ಭುಜದ ಮೇಲೆ ಕೈಯಿಟ್ಟು, ಹಿಂದೆ ನಿಂತಿದ್ದ ನಮ್ಮೆಲ್ಲರ ಕಡೆ ತಿರುಗಿದರು.

"ಅವಳನ್ನು ಮುಟ್ಟಿಸಿದೆವು," ಎಂದರು.