ಸಂಡೂರಿನ ತೋಟಕ್ಕೆ ಪೈಪು ಹೊತ್ತು ಹೋದದ್ದು

ಬೆಳಗಿನ ರೈಲಿನಿಂದ ಹೊಸಪೇಟೆಯಲ್ಲಿ ಇಳಿದಾಗ ನನ್ನ ಜೊತೆಗಿದ್ದದ್ದು ಒಂದು ಲ್ಯಾಪ್‌ಟಾಪು, ಒಂದು ಕಟ್ಟು ಅಲ್ಯೂಮಿನಿಯಂ ಪೈಪು. ಹಂಪಿಗೆ ಹೊರಟವರೆಲ್ಲ ಜೋಡಿಜೋಡಿಯಾಗಿ ಆಟೋ ಹತ್ತಿದರು. ನಾನು ಇಡ್ಲಿ ತಿಂದು ಸಂಡೂರಿನ ಬಸ್ಸು ಹಿಡಿದೆ. ಕಂಡಕ್ಟರು ಪೈಪುಗಳಿಗೂ ಲಗೇಜು ಚೀಟಿ ಹರಿದುಕೊಟ್ಟ. ಸೀಟು ಮಾತ್ರ ಅವಕ್ಕೂ ಇಲ್ಲ, ನನಗೂ ಇಲ್ಲ.

ಸಂಡೂರಿನ ದಾರಿಯಲ್ಲಿ ಗುರುಸಿದ್ದಪ್ಪನವರ ಮಾವಿನ ತೋಟ. ಅಲ್ಲಿ ಮಣ್ಣಿನ ತೇವ ಅಳೆಯುವ ಎಂಟು ಡಬ್ಬಿಗಳನ್ನು ನಾನೇ ನೆಟ್ಟಿದ್ದೆ. ತಂತಿಯಿಲ್ಲದೆ ಅವು ಕಳಿಸುವ ಲೆಕ್ಕ ಅವರ ಮನೆಯಲ್ಲಿಟ್ಟ ಪೆಟ್ಟಿಗೆಗೆ ಬಂದು ಸೇರಬೇಕು. ಹತ್ತಿರದವು ಸೇರುತ್ತಿದ್ದವು, ಹಿಂದಿನ ಸಾಲಿನ ಮೂರು ಮಾತ್ರ ಎರಡು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಆಂಟೆನಾವನ್ನು ಮರಗಳಿಗಿಂತ ಎತ್ತರಕ್ಕೆ ಏರಿಸಿ ನೋಡೋಣವೆಂದು ಈ ಪೈಪುಗಳು. "ಈ ಸಲವೂ ಆಗದಿದ್ದರೆ ಯೋಜನೆ ಮುಚ್ಚಿಬಿಡೋಣ" ಎಂದು ಮೇಲಿನವರು ಹೇಳಿ ಕಳಿಸಿದ್ದರು. ಜೊತೆಗಿದ್ದ ಇಬ್ಬರು ಆಗಲೇ ಬೇರೆ ಕೆಲಸ ಹಿಡಿದಿದ್ದರು. ಉಳಿದವನು ನಾನೊಬ್ಬ.

ದಾರಿ ತುಂಬ ಅದಿರಿನ ಲಾರಿಗಳು. ಕಿಟಕಿ ಮುಚ್ಚಿದರೂ ನಾಲಗೆಗೆ ಧೂಳು ಹತ್ತಿತು. ಎರಡು ತಾಸು ಕುಂಟುತ್ತ ಸಾಗಿದ ಬಸ್ಸಿನಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ನನಗೂ ಅದು ಅಭ್ಯಾಸವಾಗಿಬಿಟ್ಟಿತ್ತು.

ಇಳಿದು ನೋಡಿದರೆ ತೋಟವೇ ಇಲ್ಲ. ಕಡಿದ ಬುಡಗಳ ನಡುವೆ ನನ್ನ ಡಬ್ಬಿಗಳು ಮಾತ್ರ ಗೂಟಗಳ ಮೇಲೆ ನಿಂತಿದ್ದವು. ಗುರುಸಿದ್ದಪ್ಪ ಕಟ್ಟೆಯಿಂದ ಕೂಗಿದರು: "ಬರ್ರಿ, ಕುಂದ್ರಿ. ಮೊದ್ಲ ಚಾ ಕುಡೀರಿ."

"ಇದೇನ್ರೀ ಹೀಗಾಯ್ತು?" ಎಂದೆ.

"ಹೂವಿನ ಮ್ಯಾಲ ಧೂಳ ಕುಂತು ಈ ವರ್ಷನೂ ಕಾಯಿ ಕಟ್ಟಲಿಲ್ರಿ. ಗಣಿಯವ್ರು ಅದಿರು ಸುರಿಯಾಕ ಜಾಗ ಕೇಳಿದ್ರು, ಕೊಟ್ಟೆ. ನಾವು ಕಂಪ್ಲಿಗೆ ತಮ್ಮನ ಕಡೆ ಹೊಂಟೀವಿ. ನಿಮ್ಮ ಡಬ್ಬಿ ಮುಟ್ಟಬ್ಯಾಡ್ರಿ ಅಂತ ಕಡಿಯೋರಿಗೆ ಭಾಳ ಹೇಳೀನಿ."

"ಫೋನಿನಲ್ಲಿ ಒಂದು ಮಾತು ಹೇಳಲಿಲ್ಲವಲ್ಲ?"

"ಹೇಳಿದ್ರ ನೀವು ಬರ್ತಿರ್ಲಿಲ್ಲ."

ಡಬ್ಬಿಗಳನ್ನು ಕೀಳುವ ಮೊದಲು, ಕೈಗೆ ರೂಢಿಯಾದದ್ದರಿಂದ, ಪೆಟ್ಟಿಗೆಗೆ ಲ್ಯಾಪ್‌ಟಾಪು ಜೋಡಿಸಿದೆ. ಎಂಟೂ ಬಂದವು. ಹಿಂದಿನ ಸಾಲಿನ ಮೂರೂ ಒಂದಿಷ್ಟೂ ತಡವರಿಸದೆ ಬಂದವು. ಪೈಪಿನ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಎರಡು ವರ್ಷ ಕಾದದ್ದು ಹೀಗೆ ಬಂತು.

ಗುರುಸಿದ್ದಪ್ಪ ಬಗ್ಗಿ ನೋಡಿದರು. ಅವರಿಗೆ ನಿಜಕ್ಕೂ ಖುಷಿಯಾಗಿತ್ತು. "ಎಲ್ಲಾ ಬಂದ್ವಲ್ರೀ! ಮೊದ್ಲ ಯಾಕ ಬರ್ತಿರ್ಲಿಲ್ಲ?"

"ಎಲೆ ಅಡ್ಡ ಬರುತ್ತಿತ್ತು" ಎಂದೆ.

ಅವರು ಚಹದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಸಂಜೆ ಬಸ್ಸು ಹೊರಟಾಗ ಹಿಂದಿರುಗಿ ನೋಡಿದೆ. ಅವರ ಮನೆ ಕಂಡಿತು, ಬಾಗಿಲಲ್ಲಿ ಅವರು ಕೈ ಎತ್ತಿ ನಿಂತದ್ದೂ ಕಂಡಿತು. ಅಷ್ಟು ಸಲ ಬಂದುಹೋಗಿದ್ದೆ; ಬಸ್ಸಿನಿಂದ ಆ ಮನೆ ಒಮ್ಮೆಯೂ ಕಂಡಿರಲಿಲ್ಲ.