ಗುರುತು ಅಳಿಸಿದ ಸರ್ಪಗಂಧ

ಬಾಟಲಿಗಳನ್ನು ನಾನು ಅದಲುಬದಲು ಮಾಡಿದೆನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಆಮೇಲೆ ಆಡಿದ ಒಂದು ಮಾತು ಮಾತ್ರ ಸುಳ್ಳು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಸದಾಶಿವನಗರದ ಒಂದು ಬಾಡಿಗೆ ಮನೆಯಲ್ಲಿ ಅಂಗಾಂಶ ಕೃಷಿಯ ಪ್ರಯೋಗಾಲಯವಿತ್ತು. ಔಷಧಿ ಗಿಡದ ಚಿಗುರನ್ನು ಚೂರು ಮಾಡಿ ಬಾಟಲಿಯೊಳಗಿನ ಜೆಲ್ಲಿಯ ಮೇಲಿಟ್ಟರೆ ಒಂದು ಚೂರಿನಿಂದ ಹತ್ತಾರು ಸಸಿ ಬರುತ್ತಿದ್ದವು. ಮೆಟ್ರಿಕ್ ಓದಿದ ನನಗೆ ಬಾಟಲಿ ತೊಳೆಯುವ, ಒರೆಸುವ, ಜೋಡಿಸುವ ಕೆಲಸ.

ಖಾನಾಪುರ ತಾಲೂಕಿನಲ್ಲಿ, ಹಲಸಿಯ ಹತ್ತಿರದ ಒಂದು ಹಳ್ಳಿಯಲ್ಲಿ, ನಾಟಿ ಔಷಧ ಕೊಡುವ ಮುದುಕಿಯೊಬ್ಬರಿದ್ದರು. ಎಲ್ಲರೂ ಆಯಿ ಎನ್ನುತ್ತಿದ್ದೆವು. ಕಾಡಿನ ಸರ್ಪಗಂಧವನ್ನೆಲ್ಲ ಬೇರಿನ ವ್ಯಾಪಾರಿಗಳು ಅಗೆದೊಯ್ದಿದ್ದರು. ಆಯಿಯ ಹಿತ್ತಲಲ್ಲಿ ಅವರ ಅತ್ತೆ ನೆಟ್ಟ ಒಂದೇ ಗಿಡ ಉಳಿದಿತ್ತು. ಅದರ ಚಿಗುರು ಕೇಳಲು, ಪ್ರಯೋಗಾಲಯ ನಡೆಸುತ್ತಿದ್ದ ನಮ್ಮ ಸರ್ ಜೊತೆ ನಾನೂ ಹೋಗಿದ್ದೆ.

"ಬಾಟ್ಲ್ಯಾಗ ಉಪ್ಪಿನಕಾಯಿ ಹಾಕೂದು ನೋಡೇನ್ರಿ. ಗಿಡಾ ಹಾಕವ್ರನ್ನ ಇವತ್ತ ನೋಡಿದೆ," ಎಂದು ಆಯಿ ನಕ್ಕರು. ಆಮೇಲೆ ಗಿಡದ ಬುಡಕ್ಕೆ ಅರಿಶಿನ ಹಚ್ಚಿ, ಕೈಮುಗಿದು, ತಾವೇ ನಾಲ್ಕು ಚಿಗುರು ಚಿವುಟಿ ಕೊಟ್ಟರು. "ಇದರ ಮಕ್ಕಳನ್ನ ನನಗ ವಾಪಸ್ ತಂದ ಕೊಡಬೇಕ ನೋಡ್ರಿ."

ಆ ಮಳೆಗಾಲದಲ್ಲಿ ನೀರು ನಿಂತು ಆಯಿಯ ಗಿಡ ಕೊಳೆತುಹೋಯಿತು. ಇನ್ನು ಉಳಿದದ್ದು ನಮ್ಮ ಬಾಟಲಿಗಳಲ್ಲಿದ್ದದ್ದಷ್ಟೇ.

ಬೇರೆ ಊರಿನಿಂದ ತರಿಸಿದ ಸರ್ಪಗಂಧವೂ ನಮ್ಮಲ್ಲಿತ್ತು. ನೋಡಲು ಎರಡೂ ಒಂದೇ. ಬಾಟಲಿಯ ಮೇಲಿನ ಮಾರ್ಕರ್ ಪೆನ್ನಿನ ಅಕ್ಷರವೇ ಗುರುತು. ಸಸಿಯನ್ನು ಹೊಸ ಬಾಟಲಿಗೆ ಬದಲಿಸುವ ಮೊದಲು ಬಾಟಲಿಯನ್ನು ಸ್ಪಿರಿಟಿನಿಂದ ಒರೆಸಬೇಕು, ಅಕ್ಷರ ಬಿಟ್ಟು ಒರೆಸಬೇಕು. ಒಂದು ಮಧ್ಯಾಹ್ನ, ಕರೆಂಟು ಹೋಗುವ ಮೊದಲು ಮುಗಿಸುವ ಅವಸರದಲ್ಲಿ, ಟ್ರೇ ಪೂರ್ತಿ ಉಜ್ಜಿಬಿಟ್ಟೆ. ನೋಡಿದರೆ ಬಟ್ಟೆಯೆಲ್ಲ ನೀಲಿ, ಬಾಟಲಿಗಳು ಬೋಳು. ಆಯಿಯ ಗಿಡದ ಬಾಟಲಿಗಳೆಲ್ಲ ಆ ಟ್ರೇಯಲ್ಲೇ ಇದ್ದವು. ಅರ್ಧ ಅವು, ಅರ್ಧ ಬೇರೆ ಊರಿನವು.

ಗುರುತು ಅನುಮಾನವಾದರೆ ಎಸೆಯಬೇಕೆಂದು ಸರ್ ಹೇಳಿದ್ದರು. ಎಸೆದರೆ ಆಯಿಯ ಗಿಡವೇ ಇಲ್ಲವಾಗುತ್ತಿತ್ತು, ಅದಕ್ಕೇ ಎಸೆಯಲಿಲ್ಲ ಎಂದು ಒಮ್ಮೊಮ್ಮೆ ಹೇಳಿಕೊಳ್ಳುತ್ತೇನೆ. ಆದರೆ ಅಂದು ನನಗಿದ್ದದ್ದು ಬೈಸಿಕೊಳ್ಳುವ ಭಯ. ಎಡಕ್ಕೆ ಆಯಿಯವು ಇಟ್ಟಿದ್ದೆ ಎಂದು ನೆನಪು. ಒರೆಸುವಾಗ ಟ್ರೇ ತಿರುಗಿಸಿದ್ದೆನೇ? ತಿರುಗಿಸಿಲ್ಲ ಎಂದುಕೊಂಡು ಅಕ್ಷರ ಮತ್ತೆ ಬರೆದೆ. ಯಾರಿಗೂ ಹೇಳಲಿಲ್ಲ.

ಸಸಿಗಳು ಆಯಿಯ ಹಿತ್ತಲು ಸೇರಿದವು. ಮರುವರ್ಷ ನಾವು ನೋಡಲು ಹೋದಾಗ ಅವರು ಒಂದನ್ನು ಅಗೆದು ಬೇರಿನ ತುದಿ ನಾಲಗೆಗೆ ಮುಟ್ಟಿಸಿದರು. ಹಾಗೆ ನೋಡದೆ ಯಾರಿಗೂ ಔಷಧ ಕೊಟ್ಟವರಲ್ಲ.

"ಇದು ನಂದಲ್ಲ. ನಮ್ಮತ್ತಿದು ಕಿವಿತನಾ ಕಹಿ ಏರತಿತ್ತು."

ಸರ್ ನಕ್ಕರು. "ಆಯಿ, ಇವು ತಾಯಿ ಗಿಡದ ಅಚ್ಚು ಇದ್ದಂಗ. ಬ್ಯಾರೆ ಆಗಾಕ ಸಾಧ್ಯನ ಇಲ್ಲ. ಬೇರು ಇನ್ನೂ ಎಳೇದೈತಿ. ಇಲ್ಲಾಂದ್ರ ನಿಮ್ಮ ನಾಲಿಗಿಗೆ ವಯಸ್ಸಾಗೇತಿ."

ಆಯಿ ನನ್ನ ಕಡೆ ತಿರುಗಿದರು. "ನೀ ಏನಂತಿ ತಮ್ಮಾ?"

"ಸರ್ ಹೇಳೂದು ಖರೇ, ಆಯಿ," ಎಂದೆ.

ಕೆಲವು ತಿಂಗಳ ನಂತರ ಖಾನಾಪುರದ ಬಸ್ ನಿಲ್ದಾಣದಲ್ಲಿ ಆ ಊರಿನವರೊಬ್ಬರು ಸಿಕ್ಕರು. ನಾಲಗೆ ಕೆಟ್ಟಿದೆ ಎಂದು ಆಯಿ ಔಷಧ ಕೊಡುವುದನ್ನೇ ಬಿಟ್ಟಿದ್ದಾರೆ ಎಂದರು. ಮುಂದಿನ ರವಿವಾರವೇ ಹೋದೆ. ಎಲ್ಲ ಹೇಳಿದೆ. ಆಯಿ ಅಕ್ಕಿಯ ಕಲ್ಲು ಆರಿಸುತ್ತ ಕೇಳಿದರು.

"ಹಂಗಾದ್ರ ಈ ಗಿಡಾ ನಂದೋ, ಅಲ್ಲೋ?"

"ಗೊತ್ತಿಲ್ಲ, ಆಯಿ."

"ನನ್ನ ನಾಲಿಗಿ ಕೆಟ್ಟೈತೋ, ಇಲ್ಲೋ?"

"ಅದೂ ಗೊತ್ತಿಲ್ಲ."

"ಮತ್ತ ಏನ್ ಹೇಳಾಕ ಬಂದೀಯೋ ತಮ್ಮಾ?"

ಅಷ್ಟರಲ್ಲಿ ಒಬ್ಬ ಹೆಂಗಸು ಮಗಳ ಕೈ ಹಿಡಿದು ಬಾಗಿಲಿಗೆ ಬಂದಳು. ಔಷಧ ಬೇಕಿತ್ತು. ಆಯಿ ಹಿತ್ತಲ ಕಡೆ ನೋಡಿದರು, ನನ್ನ ಮುಖ ನೋಡಿದರು.

"ಖಾನಾಪುರ ದವಾಖಾನಿಗೆ ಕರಕೊಂಡ ಹೋಗವ್ವಾ," ಎಂದು ಮತ್ತೆ ಅಕ್ಕಿಗೆ ಕೈ ಹಾಕಿದರು.